ಬೆಳೆ ಇಲ್ಲಿಯದು, ಬೆಲೆ ಎಲ್ಲಿಯದು? ಕರೆಂಟು, ಗ್ಯಾಸು, ದಿನಸಿಯ ಮನೆಲೆಕ್ಕ

ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆ ಕತ್ತೆತ್ತಿದರೆ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರ ತಿರುಗುತ್ತಿರುತ್ತವೆ. ಚಳ್ಳಕೆರೆಗೆ ಎಣ್ಣೆ ಊರೆಂದೇ ಹೆಸರು. ದಾವಣಗೆರೆ, ಹರಿಹರದ ಕಡೆ ಭದ್ರಾ ನಾಲೆಯ ನೀರಿಗೆ ಭತ್ತ, ಜಗಳೂರಿನ ಕಡೆ ಮೆಕ್ಕೆಜೋಳ, ಹಿರಿಯೂರು-ಚಳ್ಳಕೆರೆ ಹೊಲಗಳಲ್ಲಿ ಶೇಂಗಾ, ಈರುಳ್ಳಿ. ಕರೆಂಟು, ಎಣ್ಣೆ, ಅಕ್ಕಿ, ಈರುಳ್ಳಿ ನಾಲ್ಕೂ ಕೈಯಳತೆಯಲ್ಲೇ ಹುಟ್ಟುವ ಜಿಲ್ಲೆಗಳಿವು. ಹಾಗಿದ್ದೂ ತಿಂಗಳ ಖರ್ಚಿನ ಚೀಟಿಯಲ್ಲಿ ಹಿಂಡುವುದು ಈ ನಾಲ್ಕೇ.

ಇದು ಯಾಕೆ ಹೀಗೆ, ಮನೆಯೊಳಗೆ ಇದರಲ್ಲಿ ಎಷ್ಟನ್ನು ತಗ್ಗಿಸಬಹುದು ಎಂಬ ಲೆಕ್ಕ ಮುಂದಿದೆ. ಯೂನಿಟ್, ಗ್ರಾಂ, ನಿಮಿಷಗಳಲ್ಲೇ ನೋಡೋಣ. "ಕರೆಂಟು ಉಳಿಸಿ" ಎಂಬ ಬುದ್ಧಿಮಾತಿನಿಂದ ಯಾರ ಬಿಲ್ಲೂ ಇಳಿದಂತಿಲ್ಲ.

ಬೆಲೆ ಹುಟ್ಟುವ ಜಾಗ

ಜೋಗಿಮಟ್ಟಿಯ ಗಾಳಿಯಿಂದ ಬಂದ ಕರೆಂಟು ನೇರವಾಗಿ ಕೋಟೆ ಬುಡದ ಮನೆಗೆ ಇಳಿಯುವುದಿಲ್ಲ. ರಾಜ್ಯದ ಎಲ್ಲ ಮೂಲಗಳ ಕರೆಂಟು ಒಂದೇ ಜಾಲಕ್ಕೆ ಸೇರುತ್ತದೆ. ಕೆರೆಗೆ ಹತ್ತು ಹಳ್ಳದ ನೀರು ಬಂದ ಮೇಲೆ ಯಾವ ಕೊಡದಲ್ಲಿ ಯಾವ ಹಳ್ಳದ ನೀರಿದೆ ಎಂದು ಹೇಳಲಾಗುವುದಿಲ್ಲವಲ್ಲ, ಹಾಗೆ. ಕಲ್ಲಿದ್ದಲು, ಜಲ, ಗಾಳಿ, ಸೌರ ಎಲ್ಲದರ ಖರೀದಿ ವೆಚ್ಚ, ತಂತಿ-ಕಂಬದ ವೆಚ್ಚ ಒಟ್ಟು ಹಾಕಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ನಿಗದಿ ಮಾಡುತ್ತದೆ. ದಾವಣಗೆರೆ, ಚಿತ್ರದುರ್ಗ ಎರಡೂ ಬೆಸ್ಕಾಂ ವ್ಯಾಪ್ತಿಯವು.

2025ರ ಏಪ್ರಿಲ್‌ನಿಂದ ಮನೆ ಬಳಕೆಗೆ ಯೂನಿಟ್ ದರ 5.80 ರೂ. ಆಯಿತು; ಅದಕ್ಕೆ ಮುಂಚೆ 5.90 ಇತ್ತು. ಯೂನಿಟ್ ದರ 10 ಪೈಸೆ ಇಳಿಯಿತು, ಆದರೆ ಮಂಜೂರಾದ ಪ್ರತಿ ಕಿಲೋವ್ಯಾಟ್‌ಗೆ ಕಟ್ಟುವ ನಿಗದಿತ ಶುಲ್ಕ 120ರಿಂದ 145 ರೂ.ಗೆ ಏರಿತು. ಮೇಲೆ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ ಸೇರಿತು. ಇದರ ಜೊತೆ ಶೇ 9 ತೆರಿಗೆ. ಆ ವರ್ಷದ ದರದಂತೆ ಎಲ್ಲ ಕೂಡಿದರೆ ಒಂದು ಯೂನಿಟ್ಟು ಕೈಗೆ ಬರುವ ಹೊತ್ತಿಗೆ ಸುಮಾರು 6.70 ರೂ. ಆಗಿರುತ್ತದೆ, ನಿಗದಿತ ಶುಲ್ಕ ಬೇರೆ. ದರ ಪರಿಷ್ಕರಣೆ ಆದಾಗ ಈ ಅಂಕಿಗಳು ಅಷ್ಟಿಷ್ಟು ಆಚೀಚೆ ಆಗುತ್ತವೆ. ನಿಮ್ಮ ಬಿಲ್ಲಿನ ಬೆನ್ನು ಬಿಟ್ಟು ಮುಖವನ್ನೇ ಓದಿ, ಎಲ್ಲ ಬಾಬ್ತು ಸಾಲಾಗಿ ಇರುತ್ತದೆ.

ಗ್ಯಾಸಿನ ಕಥೆ ಇನ್ನೂ ದೂರದ್ದು. ದೇಶದಲ್ಲಿ ಉರಿಯುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ಸೌದಿಯ ಕಂಪನಿ ತಿಂಗಳಿಗೊಮ್ಮೆ ಹೇಳುವ ದರ, ಡಾಲರಿನ ಬೆಲೆ, ಎರಡನ್ನೂ ನೋಡಿಕೊಂಡು ಇಲ್ಲಿ ಸಿಲಿಂಡರ್ ಬೆಲೆ ನಿಲ್ಲುತ್ತದೆ.

ಚಳ್ಳಕೆರೆಯಲ್ಲಿ ಗಾಣ, ಮಿಲ್ಲು ಎಷ್ಟೇ ಇರಲಿ, ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಆಮದು. ತಾಳೆ ಎಣ್ಣೆ ಇಂಡೊನೇಷ್ಯಾ, ಮಲೇಷ್ಯಾದಿಂದ; ಸೂರ್ಯಕಾಂತಿ ಎಣ್ಣೆ ರಷ್ಯಾ, ಉಕ್ರೇನ್ ಕಡೆಯಿಂದ. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೂಲ ಆಮದು ಸುಂಕ ಸೊನ್ನೆಯಿಂದ ಶೇ 20ಕ್ಕೆ ಏರಿತು, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಯಿತು. ಸೂರ್ಯಕಾಂತಿ ತುಟ್ಟಿಯಾದರೆ ಜನ ಶೇಂಗಾ ಎಣ್ಣೆಯತ್ತ ವಾಲುತ್ತಾರೆ. ಆಗ ಪಕ್ಕದ ಹೊಲದ ಶೇಂಗಾ ಎಣ್ಣೆಯೂ ಬಂದರಿನ ಬೆಲೆಯನ್ನೇ ಹಿಂಬಾಲಿಸುತ್ತದೆ.

200ರ ಗೆರೆ

ಕರೆಂಟು ಉಳಿಸುವ ಮುಂಚೆ ನಿಮ್ಮ ಮನೆ ಎಲ್ಲಿ ನಿಂತಿದೆ ಎಂದು ಗೊತ್ತಿರಬೇಕು. ಯಾಕೆಂದರೆ ಗೃಹಜ್ಯೋತಿಯಲ್ಲಿ ಎಲ್ಲ ಯೂನಿಟ್ಟಿಗೂ ಒಂದೇ ಬೆಲೆ ಇಲ್ಲ.

ಯೋಜನೆಯ ನಿಯಮ ಹೀಗಿದೆ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದ ಮನೆಗೆ 2024ರಿಂದ 10 ಯೂನಿಟ್) ಸೇರಿಸಿ ಬಂದ ಅಂಕಿ ನಿಮ್ಮ ಅರ್ಹ ಯೂನಿಟ್. ಅಷ್ಟರೊಳಗೆ ಬಳಸಿದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರೊಳಗೆ ಇದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದ ತಿಂಗಳು ರಿಯಾಯಿತಿಯೇ ಇಲ್ಲ, ಮೊದಲ ಯೂನಿಟ್ಟಿನಿಂದಲೇ ಪೂರ್ತಿ ಬಿಲ್. ಹಿಂದಿನ ಲೆಕ್ಕ ಇಲ್ಲದ ಹೊಸ ಮನೆಗೆ, ಹೊಸ ಬಾಡಿಗೆದಾರರಿಗೆ ರಾಜ್ಯದ ಸರಾಸರಿ 53 ಯೂನಿಟ್ಟಿಗೆ ಶೇ 10 ಸೇರಿಸಿ 58 ಯೂನಿಟ್ ಎಂದು ಹಿಡಿಯುತ್ತಾರೆ.

ಒಂದು ಮನೆಯ ಸರಾಸರಿ 130 ಇತ್ತೆನ್ನಿ. ಅರ್ಹತೆ 143. ಈ ಮನೆ 140 ಉರಿಸಿದ ತಿಂಗಳು ಸೊನ್ನೆ ಬಿಲ್. 198 ಉರಿಸಿದರೆ ಹೆಚ್ಚಾದ 55 ಯೂನಿಟ್ಟಿಗೆ ಸುಮಾರು 370 ರೂ. ಅದೇ ಮನೆ 202 ಉರಿಸಿದರೆ? 202 ಯೂನಿಟ್ಟಿನ ದರ 1,172, ಪಿಂಚಣಿ ಬಾಬ್ತು 73, ತೆರಿಗೆ 105, ಎರಡು ಕಿಲೋವ್ಯಾಟ್ ಮಂಜೂರಾತಿಗೆ ನಿಗದಿತ ಶುಲ್ಕ 290, ಒಟ್ಟು 1,640 ರೂ. ಆಸುಪಾಸು. 198ಕ್ಕೂ 202ಕ್ಕೂ ನಡುವೆ ಇರುವುದು ನಾಲ್ಕೇ ಯೂನಿಟ್. ಬೆಲೆ ವ್ಯತ್ಯಾಸ ಸಾವಿರದ ಇನ್ನೂರಕ್ಕೂ ಮೇಲೆ.

ಹಾಗಾಗಿ ತಿಂಗಳಿಗೆ 120 ಉರಿಸಿ 143ರ ಅರ್ಹತೆ ಇರುವ ಮನೆಯವರು ದುಬಾರಿ ಫ್ಯಾನ್ ಕೊಂಡು ಯೂನಿಟ್ ಉಳಿಸಿದರೆ ಜೇಬಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಮಾರ್ಚ್‌ನಿಂದ ಮೇ ತನಕ 190-210ರ ನಡುವೆ ಓಲಾಡುವ ಮನೆಗೆ ಅದೇ ಫ್ಯಾನ್ ಒಂದೆರಡು ಬೇಸಿಗೆಯಲ್ಲಿ ತನ್ನ ಬೆಲೆ ತೀರಿಸುತ್ತದೆ.

ಮೀಟರ್ ಓದುವವರು ಬಂದ ದಿನದ ರೀಡಿಂಗನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹತ್ತನೇ ದಿನ, ಇಪ್ಪತ್ತನೇ ದಿನ ಇನ್ನೊಮ್ಮೆ ನೋಡಿ. 200ರ ಗೆರೆಗೆ ದಿನಕ್ಕೆ 6.6 ಯೂನಿಟ್. ಹತ್ತು ದಿನಕ್ಕೆ 66, ಇಪ್ಪತ್ತಕ್ಕೆ 132. ಇಪ್ಪತ್ತನೇ ದಿನ 150 ಕಂಡರೆ ಉಳಿದ ಹತ್ತು ದಿನ ಗೀಸರ್, ಇಸ್ತ್ರಿಯ ಮೇಲೆ ಕಣ್ಣಿಡಿ. ಬಿಲ್ ಬಂದ ಮೇಲೆ ನೋಡಿದರೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ.

ಮಿಣುಕು ದೀಪದ ಲೆಕ್ಕ

ಯಾವ ಸಾಮಾನು ಎಷ್ಟು ಕುಡಿಯುತ್ತದೆ ಎಂದು ತಿಳಿಯಲು ಬೇರೆ ಯಂತ್ರ ಬೇಡ, ಮೀಟರೇ ಸಾಕು. ಅದರ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಎಷ್ಟು ಮಿಣುಕಿಗೆ ಒಂದು ಯೂನಿಟ್ ಎಂಬುದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ಎಷ್ಟೋ ಮನೆ ಮೀಟರುಗಳಲ್ಲಿ ಅದು 3200. ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ ಪ್ಲಗ್ಗನ್ನೂ ಕಿತ್ತು, ಒಂದೇ ಫ್ಯಾನ್ ಹಾಕಿ ಒಂದು ನಿಮಿಷ ಎಣಿಸಿ. 3200ರ ಮೀಟರಿನಲ್ಲಿ ನಿಮಿಷಕ್ಕೆ ಒಂದು ಮಿಣುಕು ಎಂದರೆ ಸುಮಾರು 19 ವ್ಯಾಟ್. ನಾಲ್ಕು ಸಲ ಮಿಣುಕಿದರೆ 75 ವ್ಯಾಟ್, ಅಂದರೆ ಹಳೇ ಮಾದರಿಯ ಫ್ಯಾನ್. ಕಡಿಮೆ ಕರೆಂಟು ಎಳೆಯುವ ಹೊಸ ಮಾದರಿಯ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್‌ನದು. ಐದು ನಿಮಿಷ ಎಣಿಸಿದರೆ ಎಂಟು ಮಿಣುಕು ಸಿಗುತ್ತವೆ. ಎರಡು ಕಿಲೋವ್ಯಾಟ್ ಗೀಸರ್ ಹಾಕಿದರೆ ನಿಮಿಷಕ್ಕೆ ನೂರಕ್ಕೂ ಮೇಲೆ, ಎಣಿಸುವುದೇ ಕಷ್ಟ.

ಮೂರು ಹಳೇ ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 67 ಯೂನಿಟ್. ಬಿಎಲ್‌ಡಿಸಿ ಆದರೆ 27. ಸೆಟ್‌ಟಾಪ್ ಬಾಕ್ಸನ್ನು ರಿಮೋಟಿನಲ್ಲಿ ಮಾತ್ರ ಆರಿಸಿದರೆ ಅದು ಮಲಗಿದಂತೆ ಕಂಡರೂ ಹತ್ತು ವ್ಯಾಟ್ ಎಳೆಯುತ್ತಿರಬಹುದು, ತಿಂಗಳಿಗೆ ಏಳು ಯೂನಿಟ್. ಮಿಕ್ಸಿ ಬಗ್ಗೆ ಚಿಂತೆ ಬೇಡ. 750 ವ್ಯಾಟ್ ಎಂದು ಹೆದರಿಸಿದರೂ ದಿನಕ್ಕೆ ಐದು ನಿಮಿಷ ಓಡಿದರೆ ತಿಂಗಳಿಗೆ ಎರಡು ಯೂನಿಟ್ಟೂ ಆಗದು.

ಎಲ್ಲ ಪ್ಲಗ್ ಕಿತ್ತ ಮೇಲೂ ದೀಪ ಮಿಣುಕುತ್ತಿದ್ದರೆ? ಮೊದಲು ಇನ್ವರ್ಟರ್ ನೋಡಿ, ಅದು ಬ್ಯಾಟರಿ ತುಂಬಿಸಿಕೊಳ್ಳುತ್ತಿರುತ್ತದೆ. ಅದೂ ಅಲ್ಲವೆಂದರೆ ವೈರಿಂಗಿನಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ. ಮಳೆಗಾಲದಲ್ಲಿ ಹಸಿ ಗೋಡೆಯಲ್ಲಿ ಇದು ಸಾಮಾನ್ಯ. ಇಲ್ಲಿ ದುಡ್ಡಿಗಿಂತ ಜೀವದ ಪ್ರಶ್ನೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸಹಿತ ಪರೀಕ್ಷೆ ಮಾಡಿಸಿ.

ಗ್ಯಾಸೋ, ಇಂಡಕ್ಷನ್ನೋ

ಇದಕ್ಕೆ ಒಂದೇ ಅಳತೆಗೋಲು ಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖಕ್ಕೆ ಒಂದು ಕಿಲೋಕ್ಯಾಲರಿ ಎನ್ನುತ್ತಾರೆ. ಒಂದು ಯೂನಿಟ್ ಕರೆಂಟಿನಲ್ಲಿ ಇಂಥ 860 ಇವೆ. ಒಂದು ಕೆಜಿ ಅಡುಗೆ ಗ್ಯಾಸಿನಲ್ಲಿ ಸುಮಾರು 11,000.

ಆದರೆ ಗ್ಯಾಸ್ ಒಲೆಯ ಶಾಖವೆಲ್ಲ ಪಾತ್ರೆಗೆ ಹೋಗುವುದಿಲ್ಲ. ಪಾತ್ರೆಯ ಪಕ್ಕದಿಂದ ಬಿಸಿ ಗಾಳಿ ಏರುತ್ತದಲ್ಲ, ಅದೆಲ್ಲ ನಷ್ಟ. ಮನೆ ಬಳಕೆಯಲ್ಲಿ ನೂರಕ್ಕೆ 60 ದಕ್ಕಿದರೆ ಸರಿಯೇ. ಇಂಡಕ್ಷನ್‌ನಲ್ಲಿ ಪಾತ್ರೆಯ ತಳವೇ ಕಾಯುವುದರಿಂದ ನೂರಕ್ಕೆ 85ರಷ್ಟು ದಕ್ಕುತ್ತದೆ. ಈ ಲೆಕ್ಕ ಹಿಡಿದರೆ 14.2 ಕೆಜಿಯ ಒಂದು ಸಿಲಿಂಡರ್ ಮಾಡುವ ಕೆಲಸಕ್ಕೆ ಇಂಡಕ್ಷನ್‌ನಲ್ಲಿ 128 ಯೂನಿಟ್ ಬೇಕು. ಯೂನಿಟ್ಟಿಗೆ 6.70ರಂತೆ ಅದು 855 ರೂ. ಸುಮಾರು.

ಅಂದರೆ ಸಿಲಿಂಡರ್ 855ಕ್ಕಿಂತ ತುಟ್ಟಿಯಾದಷ್ಟೂ ಇಂಡಕ್ಷನ್ ಅಗ್ಗ. ಉಜ್ವಲಾ ಸಂಪರ್ಕ ಇದ್ದು ಸಿಲಿಂಡರಿಗೆ 300 ರೂ. ಸಹಾಯಧನ ಬರುವವರಿಗೆ ಗ್ಯಾಸೇ ಅಗ್ಗ. ಗೃಹಜ್ಯೋತಿಯ ಅರ್ಹತೆಯಲ್ಲಿ ತಿಂಗಳಿಗೆ 20 ಯೂನಿಟ್ ಉಳಿಯುತ್ತಿದ್ದರೆ ಅದು ಬಿಟ್ಟಿ ಶಾಖ. ನಾಲ್ಕು ಜನರ ಅನ್ನದ ಒಂದು ಕುಕ್ಕರ್ ಇಂಡಕ್ಷನ್ ಮೇಲೆ ಕಾಲು ಯೂನಿಟ್ ತಿನ್ನುತ್ತದೆ, ಹಾಗಾಗಿ 20 ಯೂನಿಟ್ಟಿಗೆ 80 ಕುಕ್ಕರ್ ಅನ್ನ. ಇಡೀ ಅಡುಗೆಯನ್ನೇ ಇಂಡಕ್ಷನ್‌ಗೆ ಹಾಕಿದರೆ ಮಾತ್ರ ಜೋಕೆ. ನಲವತ್ತೈದು ದಿನಕ್ಕೊಂದು ಸಿಲಿಂಡರ್ ಮುಗಿಸುವ ಮನೆಗೆ ತಿಂಗಳಿಗೆ 85 ಯೂನಿಟ್ ಸೇರಿಕೊಳ್ಳುತ್ತದೆ; 130 ಉರಿಸುವವರು ಅಲ್ಲಿಗೆ 200ರ ಗೆರೆ ದಾಟಿದರು.

ಇಂಡಕ್ಷನ್‌ಗೆ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಬೇಕು. ಬರೀ ಅಲ್ಯೂಮಿನಿಯಂ, ತಾಮ್ರ ಕಾಯುವುದಿಲ್ಲ. ಎರಡು ಸಾವಿರ ವ್ಯಾಟ್‌ನ ಒಲೆಯನ್ನು ಟಿವಿಯ ಸಣ್ಣ ಪ್ಲಗ್ಗಿಗೆ ಹಾಕಿದರೆ ಸಾಕೆಟ್ ಕರಗುತ್ತದೆ. 16 ಆಂಪಿಯರ್ ಪವರ್ ಪ್ಲಗ್ಗೇ ಆಗಬೇಕು.

ಸಿಲಿಂಡರ್ ಮನೆಗೆ ಬಂದಾಗ ತೂಗಿಸಿಕೊಳ್ಳುವುದು ನಿಮ್ಮ ಹಕ್ಕು. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ, 15.3 ಎಂದಿದ್ದರೆ ತಕ್ಕಡಿ 29.5 ತೋರಿಸಬೇಕು. ಹಿಡಿಯ ಪಟ್ಟಿಯ ಒಳಮೈಯಲ್ಲಿ ಎ, ಬಿ, ಸಿ, ಡಿ ಅಕ್ಷರದ ಜೊತೆ ಎರಡಂಕಿಯ ಇಸವಿ ಇರುತ್ತದೆ. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್ ಕೊನೆ. ಆ ಗಡುವು ಮುಗಿದ ಸಿಲಿಂಡರನ್ನು ವಾಪಸ್ ಕಳಿಸಿ. ಬೆಂಕಿ ನೀಲಿ ಬಿಟ್ಟು ಹಳದಿ ಆಗಿದ್ದರೆ, ಪಾತ್ರೆಯ ತಳ ಮಸಿ ಹಿಡಿದರೆ ಬರ್ನರ್ ತೂತು ಕಟ್ಟಿದೆ ಎಂದರ್ಥ. ಹಿತ್ತಾಳೆ ಬರ್ನರನ್ನು ಹುಣಸೆಹಣ್ಣಿನ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಹಾಕಿ, ಪಿನ್ನಿನಿಂದ ತೂತು ಬಿಡಿಸಿ, ಪೂರ್ತಿ ಒಣಗಿಸಿ ಕೂರಿಸಿ. ತೇವ ಉಳಿದರೆ ಬೆಂಕಿ ಪಟಪಟ ಎನ್ನುತ್ತದೆ.

ಹಬೆಯಲ್ಲಿ ಹೋಗುವ ದುಡ್ಡು

ಒಂದು ಲೀಟರ್ ನೀರು 25 ಡಿಗ್ರಿಯಿಂದ ಕುದಿಯುವವರೆಗೆ ಬೇಕಾಗುವುದು 75 ಕಿಲೋಕ್ಯಾಲರಿ. ಅದೇ ಒಂದು ಲೀಟರ್ ನೀರು ಪೂರ್ತಿ ಹಬೆಯಾಗಿ ಹಾರಿಹೋಗಲು ಬೇಕಾಗುವುದು 540. ಏಳು ಪಟ್ಟು! ಅಡುಗೆಮನೆಯಲ್ಲಿ ಗ್ಯಾಸ್ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಈ ಒಂದು ಅಂಕಿಯಲ್ಲಿದೆ.

ನೀರು ಒಮ್ಮೆ ಕುದಿಯಲು ಶುರುವಾದ ಮೇಲೆ ಬೆಂಕಿ ಎಷ್ಟೇ ಜೋರು ಮಾಡಿ, ಅದರ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಹಬೆ ಜಾಸ್ತಿಯಾಗುತ್ತದೆ ಅಷ್ಟೇ. ಕೊತಕೊತ ಕುದಿಯುವ ಬೇಳೆಯೂ ಮೆಲ್ಲಗೆ ಗುಳುಗುಳು ಎನ್ನುವ ಬೇಳೆಯೂ ಒಂದೇ ಹೊತ್ತಿಗೆ ಬೇಯುತ್ತವೆ. ಮುಚ್ಚಳವಿಲ್ಲದ ಪಾತ್ರೆಯಲ್ಲಿ ದಿನಕ್ಕೊಂದು ಲೀಟರ್ ನೀರು ಆರಿಹೋದರೆ ಅದಕ್ಕೆ 82 ಗ್ರಾಂ ಗ್ಯಾಸ್. ಸಿಲಿಂಡರ್ 900 ರೂ. ಎಂದು ಹಿಡಿದರೆ ದಿನಕ್ಕೆ ಐದು, ತಿಂಗಳಿಗೆ 150 ರೂ. ಮೇಲೆ.

ಕುಕ್ಕರಿನದೂ ಇದೇ ನ್ಯಾಯ. ಒಳಗೆ ಒತ್ತಡ ಏರಿ ನೀರು 120 ಡಿಗ್ರಿಯ ಹತ್ತಿರ ಕುದಿಯುತ್ತದೆ, ಅದಕ್ಕೇ ಬೇಗ ಬೇಯುವುದು. ವಿಷಲ್ ಕೂಗಿತೆಂದರೆ ಒಳಗಿನ ಒತ್ತಡ ತುಂಬಿ ಹೆಚ್ಚಾದ ಹಬೆ ಹೊರಬಿತ್ತು ಎಂದಷ್ಟೇ. "ಐದು ಕೂಗು ಕೂಗಿಸು" ಎಂಬ ಲೆಕ್ಕ ಮನೆಯಿಂದ ಮನೆಗೆ, ಬೆಂಕಿಯಿಂದ ಬೆಂಕಿಗೆ ಬದಲಾಗುತ್ತದೆ. ಮೊದಲ ಕೂಗು ಬರುತ್ತಲೇ ಸಿಮ್‌ಗೆ ಇಳಿಸಿ ನಿಮಿಷ ನೋಡಿ: ಅನ್ನಕ್ಕೆ 2ರಿಂದ 3, ಅರ್ಧ ಗಂಟೆ ನೆನೆದ ತೊಗರಿಬೇಳೆಗೆ 6ರಿಂದ 8, ರಾತ್ರಿಯಿಡೀ ನೆನೆದ ಹುರುಳಿಗೆ 15. ಆಮೇಲೆ ಒಲೆ ಆರಿಸಿ ಹತ್ತು ನಿಮಿಷ ಮುಟ್ಟಬೇಡಿ. ಆ ಹತ್ತು ನಿಮಿಷವೂ ಒಳಗೆ ಬೇಯುತ್ತಲೇ ಇರುತ್ತದೆ. ಅಂಚಿನಿಂದ ಹಬೆ ಸುಯ್ ಎನ್ನುತ್ತಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆ. ಹತ್ತು ನಿಮಿಷ ಫ್ರೀಜರಿನಲ್ಲಿಟ್ಟರೆ ಬಿಗಿಯಾಗಿ ಒಂದೆರಡು ವಾರ ತಳ್ಳುತ್ತದೆ, ಆಮೇಲೆ ಹೊಸದೇ ಬೇಕು.

ಕಂಬಳಿ ಇದ್ದರೆ ಇನ್ನೂ ಒಂದು ದಾರಿ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಚಳಿ ತಡೆಯುವುದು ಯಾವ ಗುಣದಿಂದಲೋ ಅದೇ ಗುಣದಿಂದ ಪಾತ್ರೆಯ ಬಿಸಿಯನ್ನೂ ಹಿಡಿದಿಡುತ್ತದೆ. ಬಿಗಿ ಮುಚ್ಚಳದ ದಪ್ಪ ಪಾತ್ರೆಯಲ್ಲಿ ಅರ್ಧ ಕೆಜಿ ಅಕ್ಕಿ, ಒಂದೂಕಾಲು ಲೀಟರ್ ನೀರು. ಐದು ನಿಮಿಷ ಕುದಿಸಿ, ಮುಚ್ಚಳ ತೆಗೆಯದೆ ಇಳಿಸಿ, ಬುಟ್ಟಿಯಲ್ಲಿ ನಾಲ್ಕು ಮಡಿಕೆ ಕಂಬಳಿ ಹಾಸಿ, ಮೇಲೂ ಸುತ್ತಿ ನಲವತ್ತೈದು ನಿಮಿಷ ಬಿಡಿ. ಅನ್ನ ತಾನಾಗಿ ಅರಳಿರುತ್ತದೆ. ಕೆಡುವುದು ಎರಡು ಕಾರಣಕ್ಕೆ. ಒಂದು, ಮಧ್ಯೆ ಮುಚ್ಚಳ ತೆಗೆದು ಇಣುಕುವುದು. ಇನ್ನೊಂದು, ಒಬ್ಬರಿಗಾಗುವಷ್ಟು ಮಾತ್ರ ಇಡುವುದು. ಸಣ್ಣ ಪ್ರಮಾಣ ಬೇಗ ತಣಿಯುತ್ತದೆ. ಬೆಂದ ಮೇಲೆ ಉಣ್ಣಬೇಕು. ಉಗುರುಬೆಚ್ಚಗೆ ಗಂಟೆಗಟ್ಟಲೆ ಕಂಬಳಿಯಲ್ಲೇ ಇಟ್ಟರೆ ಹಳಸುತ್ತದೆ.

ಒಂದೇ ಬೆಂಕಿಗೆ ಎರಡು ಕೆಲಸ ಮಾಡಿಸುವುದು ನಮ್ಮ ಅಡುಗೆಗೆ ಹೊಸದಲ್ಲ. ಸೊಪ್ಪು-ಕಾಳು ಬೇಯಿಸಿ ಬಸಿದ ನೀರಿಗೆ ಬಸ್ಸಾರು, ಉಳಿದದ್ದು ಪಲ್ಯ. ಹುರುಳಿ ಬೇಯಿಸಿದ ಕಟ್ಟಿಗೆ ಸಾರು, ಕಾಳಿಗೆ ಉಸುಳಿ. ತೊಗರಿಯಲ್ಲೂ ಹುರುಳಿಯಲ್ಲೂ ಪ್ರೋಟೀನ್ ನೂರು ಗ್ರಾಮಿಗೆ 22 ಗ್ರಾಂ ಆಸುಪಾಸೇ. ತೊಗರಿ ಏರಿದ ತಿಂಗಳು ವಾರಕ್ಕೆ ಮೂರು ದಿನ ಹುರುಳಿಗೆ ಹೊರಳಿದರೆ ಮೈಗೇನೂ ಕೊರತೆಯಾಗದು.

ಬೇಳೆ ಬೇಯದಿದ್ದರೆ ತಪ್ಪು ನೀರಿನದು

ಚಿತ್ರದುರ್ಗ, ಜಗಳೂರು ಕಡೆ ಕೊಳವೆಬಾವಿ ನೀರು ಗಡಸು. ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯ ಸಿಪ್ಪೆ ಮತ್ತು ಜೀವಕೋಶಗಳ ನಡುವಿನ ಅಂಟನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಎಷ್ಟು ಕೂಗಿಸಿದರೂ ಬೇಳೆ ಕಾಳುಕಾಳಾಗಿ ಉಳಿಯುವುದು ಇದಕ್ಕೇ. ಬೇಳೆ ನೆನೆಸಲು, ಬೇಯಿಸಲು ಮಾತ್ರ ಶುದ್ಧ ನೀರಿನ ಘಟಕದ ನೀರು ಬಳಸಿ. ದಿನಕ್ಕೆ ಎರಡು ಲೀಟರ್ ಸಾಕು, ಉಳಿಯುವ ಗ್ಯಾಸ್ ಅದಕ್ಕಿಂತ ಹೆಚ್ಚು. ಹುಣಸೆ, ಟೊಮೆಟೊ ಬೇಳೆ ಬೆಂದ ಮೇಲೇ ಹಾಕಿ. ಹುಳಿ ಬಿದ್ದರೆ ಬೇಳೆ ಬಿಗಿಯುತ್ತದೆ. ಅಡುಗೆ ಸೋಡ ಚಿಟಿಕೆ ಹಾಕಿದರೆ ಬೇಗ ಬೇಯುವುದೇನೋ ನಿಜ, ಜೊತೆಗೆ ಬಿ1 ಜೀವಸತ್ವವೂ ಹಾಳಾಗುತ್ತದೆ.

ಇದೇ ನೀರು ಗೀಸರಿನ ಕಾಯಿಲ್, ಹೀಟರ್ ರಾಡ್ ಮೇಲೆ ಬಿಳಿ ಗಾರೆ ಕಟ್ಟಿಸುತ್ತದೆ. ಗಾರೆ ದಪ್ಪವಾದರೆ ಶಾಖ ನೀರಿಗೆ ದಾಟುವುದು ತಡವಾಗಿ ರಾಡ್ ಸುಟ್ಟುಹೋಗುತ್ತದೆ. ಪ್ಲಗ್ ಕಿತ್ತು, ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ನಿಂಬೆಉಪ್ಪು ಕರಗಿಸಿ ರಾಡನ್ನು ಒಂದು ಗಂಟೆ ಅದ್ದಿಡಿ. ಚಾಕುವಿನಿಂದ ಕೆರೆಯಬೇಡಿ.

ಸ್ನಾನದ ನೀರು

ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರು 24 ಡಿಗ್ರಿಯಿಂದ 40ಕ್ಕೆ ಏರಲು 320 ಕಿಲೋಕ್ಯಾಲರಿ, ಅಂದರೆ 0.37 ಯೂನಿಟ್. ನಾಲ್ಕು ಜನರ ಮನೆಗೆ ತಿಂಗಳಿಗೆ 45 ಯೂನಿಟ್ ಸ್ನಾನಕ್ಕೇ ಹೋಯಿತು. ಗ್ಯಾಸಿನಲ್ಲಾದರೆ ಬಕೆಟ್ಟಿಗೆ 48 ಗ್ರಾಂ, ಮೂರು ರೂಪಾಯಿ. ಹಳ್ಳಿ ಮನೆಗಳಲ್ಲಿ ಹಂಡೆ ಒಲೆಗೆ ಮೆಕ್ಕೆಜೋಳದ ಬೆಂಡು, ಹತ್ತಿ ಕಡ್ಡಿ, ತೆಂಗಿನ ಮಟ್ಟೆ ಸಿಗುವಾಗ ಈ ಖರ್ಚೇ ಇಲ್ಲ. ಬಚ್ಚಲಿಗೆ ಹೊಗೆ ಹೋಗುವ ಕಿಂಡಿ ಮಾತ್ರ ಇರಬೇಕು. ಪಟ್ಟಣದ ಮನೆಯಲ್ಲಿ ಸಾಧ್ಯವಿದ್ದರೆ ಸ್ನಾನ ಸಂಜೆಗೆ ಬದಲಿಸಿ. ಬಿಸಿಲಿಗೆ ಕಾದ ಚಾವಣಿ ಟ್ಯಾಂಕಿನ ನೀರು ಬೆಳಗಿನದಕ್ಕಿಂತ ಐದಾರು ಡಿಗ್ರಿ ಬೆಚ್ಚಗಿರುತ್ತದೆ, ಮೂರನೇ ಒಂದು ಪಾಲು ಶಾಖ ಸೂರ್ಯನೇ ಕೊಟ್ಟಿರುತ್ತಾನೆ.

ಚೀಲ 26 ಕೆಜಿ ಯಾಕೆ?

ಅಕ್ಕಿ ಅಂಗಡಿಯಲ್ಲಿ 25ರ ಬದಲು 26 ಕೆಜಿ ಚೀಲ ನೋಡಿರಬಹುದು. 2022ರ ಜುಲೈ 18ರಿಂದ 25 ಕೆಜಿ ಮತ್ತು ಅದಕ್ಕೂ ಕಡಿಮೆ ತೂಕದ, ಲೇಬಲ್ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಕ್ಕೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೂ, ಅಂಗಡಿಯಲ್ಲಿ ತೂಗಿ ಕೊಡುವ ಬಿಡಿ ಧಾನ್ಯಕ್ಕೂ ತೆರಿಗೆ ಇಲ್ಲ. ಒಂದು ಕೆಜಿ ಹೆಚ್ಚಿಗೆ ತುಂಬಿದರೆ ಚೀಲ ತೆರಿಗೆಯಿಂದ ಪಾರು. ಸಣ್ಣ ಸಂಸಾರದವರು ಎರಡು ಮನೆ ಸೇರಿ ಒಂದು ಚೀಲ ಹಂಚಿಕೊಂಡರೂ ಲಾಭವೇ.

ಎಣ್ಣೆ ಪೊಟ್ಟಣದಲ್ಲಿ ಕಣ್ಣು ಮೋಸಹೋಗುವುದು ಹೆಚ್ಚು. ಒಂದು ಲೀಟರ್ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಅದೇ ಗಾತ್ರದಂತೆ ಕಾಣುವ 850, 800 ಗ್ರಾಂ ಪೊಟ್ಟಣಗಳೂ ಪಕ್ಕದಲ್ಲೇ ತೂಗುತ್ತಿರುತ್ತವೆ. ಪೊಟ್ಟಣದ ಮೇಲೆ ಗ್ರಾಮಿಗೋ ಮಿಲಿಲೀಟರಿಗೋ ಎಷ್ಟು ಬೆಲೆ ಎಂದು ಸಣ್ಣಕ್ಷರದಲ್ಲಿ ಹಾಕುವುದು ಈಗ ಕಡ್ಡಾಯ. ಎರಡು ಬ್ರಾಂಡ್ ಹೋಲಿಸುವಾಗ ದೊಡ್ಡ ಅಂಕಿ ಬಿಟ್ಟು ಈ ಸಣ್ಣ ಅಂಕಿ ನೋಡಿ.

ಹಾಲಿನ ಲೆಕ್ಕವೂ ಹೀಗೇ. 2024ರ ಜೂನ್‌ನಲ್ಲಿ ನಂದಿನಿಯ ಒಂದು ಲೀಟರ್ ಪೊಟ್ಟಣ 1,050 ಮಿಲಿ ಆಗಿ ಬೆಲೆ ಎರಡು ರೂ. ಏರಿತ್ತು. 2025ರ ಏಪ್ರಿಲ್‌ನಲ್ಲಿ ಅಳತೆ ಮತ್ತೆ ಲೀಟರಿಗೆ ಇಳಿದು ದರ ಲೀಟರಿಗೆ ನಾಲ್ಕು ರೂ. ಏರಿತು. ಪೊಟ್ಟಣದ ಬೆಲೆ ಮಾತ್ರ ನೋಡಿದವರಿಗೆ ಆ ಏರಿಕೆಯ ಪೂರ್ತಿ ಗಾತ್ರ ಕಂಡಿರಲಾರದು.

ಯಾವುದನ್ನು ಯಾವಾಗ ಕೊಳ್ಳುವುದು, ಹೇಗೆ ಇಡುವುದು

ಸುಗ್ಗಿಯಲ್ಲಿ ಕೊಂಡಿಡುವುದು ಹಳೇ ಬುದ್ಧಿ, ಆದರೆ ಎಲ್ಲವನ್ನೂ ಇಡಲಾಗುವುದಿಲ್ಲ. ರಾಗಿ ನವೆಂಬರ್-ಡಿಸೆಂಬರ್, ತೊಗರಿ ಡಿಸೆಂಬರ್-ಜನವರಿ, ಹುಣಸೆ ಮತ್ತು ಒಣಮೆಣಸಿನಕಾಯಿ ಫೆಬ್ರುವರಿ-ಮಾರ್ಚ್, ಹಿಂಗಾರಿ ಜೋಳವೂ ಆಗಲೇ. ಈರುಳ್ಳಿಯಲ್ಲಿ ಮಾತ್ರ ಎಡವುತ್ತಾರೆ. ಚಿತ್ರದುರ್ಗ ಜಿಲ್ಲೆಯ ಮುಂಗಾರು ಈರುಳ್ಳಿ ಸೆಪ್ಟೆಂಬರ್‌ನಿಂದ ನವೆಂಬರ್ ತನಕ ಗಾಡಿಗಟ್ಟಲೆ ಬಂದು ಬೆಲೆ ಬೀಳುತ್ತದೆ ನಿಜ. ಆದರೆ ಅದರಲ್ಲಿ ನೀರಿನಂಶ ಹೆಚ್ಚು, ಸಿಪ್ಪೆ ತೆಳು. ಎರಡು ವಾರಕ್ಕಿಂತ ಹೆಚ್ಚಿಗೆ ಕೊಂಡರೆ ಮೊಳಕೆ, ಕೊಳೆ. ಮಾರ್ಚ್‌ನಿಂದ ಮೇ ತನಕ ಬರುವ ಹಿಂಗಾರಿನದು ಕುತ್ತಿಗೆ ಒಣಗಿ, ಸಿಪ್ಪೆ ಗರಿಗರಿ ಇರುತ್ತದೆ. ಇಡುವುದಾದರೆ ಅದನ್ನು, ಜಾಲರಿ ಚೀಲದಲ್ಲಿ ಗಾಳಿಯಾಡುವ ಕಡೆ ನೇತುಹಾಕಿ, ಆಲೂಗಡ್ಡೆಯಿಂದ ದೂರ.

ಬೇಳೆ, ಕಾಳಿಗೆ ಹುಳ ಬೀಳುವುದು ತೇವದಿಂದ. ಎರಡು ದಿನ ಕಡು ಬಿಸಿಲಿಗೆ ಹಾಕಿ. ಆಮೇಲೆ ಒಂದು ರಾತ್ರಿ ನೆರಳಲ್ಲಿ ತಣಿಯಲು ಬಿಡಿ. ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿದರೆ ಮುಚ್ಚಳದ ಒಳಗೆ ಬೆವರಿಳಿದು ಎಲ್ಲ ಒಟ್ಟಿಗೆ ಮುಗ್ಗುತ್ತದೆ. ಬಿಸಿಲಿಗೆ ಹಾಕಿಯೂ ಹುಳ ಬಂತು ಎನ್ನುವವರ ಮನೆಯಲ್ಲಿ ಸಾಮಾನ್ಯವಾಗಿ ಆಗಿರುವುದು ಇದೇ. ತೊಗರಿಬೇಳೆಗೆ ಕೆಜಿಗೆ ಒಂದು ಸಣ್ಣ ಚಮಚ, 5 ಮಿಲಿ, ಹರಳೆಣ್ಣೆ ಸವರಿದರೆ ಹುಳ ಮೊಟ್ಟೆ ಇಡಲು ಹಿಂಜರಿಯುತ್ತದೆ. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರಾಯಿತು. ರಾಗಿ ಕಾಳು ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ವರ್ಷಗಟ್ಟಲೆ ಇರುತ್ತಿದ್ದ ಧಾನ್ಯ. ಹಿಟ್ಟು ಹಾಗಲ್ಲ, ಕಮಟಾಗುತ್ತದೆ. ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಶೇಂಗಾ ಕಾಯಿಯಾಗಿಯೇ ಇಡಿ, ಬೇಕಾದಾಗ ಸುಲಿಯಿರಿ. ಮುರುಟಿದ, ಬೂಸಲು ಹಿಡಿದ ಬೀಜವನ್ನು ಚಟ್ನಿಪುಡಿಗೆ ಆಗುತ್ತದೆ ಎಂದು ಉಳಿಸಬೇಡಿ; ಅದರ ವಿಷ ಹುರಿದರೂ ಹೋಗುವುದಿಲ್ಲ.

ರೇಷನ್ ಅಕ್ಕಿ, ಮಂಡಕ್ಕಿ

ಅನ್ನಭಾಗ್ಯದ ಅಕ್ಕಿ ಅನ್ನಕ್ಕೆ ಹಿಡಿಸದಿದ್ದರೆ ದೋಸೆಗೆ ಅದಕ್ಕಿಂತ ಒಳ್ಳೇದಿಲ್ಲ. ನಾಲ್ಕು ಲೋಟ ಅಕ್ಕಿ, ಅರ್ಧ ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ ಐದು ಗಂಟೆ ನೆನೆಸಿ. ರುಬ್ಬುವಾಗ ಎರಡು ಲೋಟ ಮಂಡಕ್ಕಿಯನ್ನು ತೊಯಿಸಿ ಹಿಂಡಿ ಸೇರಿಸಿ. ದಾವಣಗೆರೆ ದೋಸೆಯ ಮೆದು ಈ ಮಂಡಕ್ಕಿಯಿಂದ ಬರುತ್ತದೆ, ದುಬಾರಿ ಉದ್ದು ಅರ್ಧಕ್ಕೆ ಅರ್ಧ ಉಳಿಯುತ್ತದೆ. ರೇಷನ್ ಅಕ್ಕಿಯಲ್ಲಿ ನೂರಕ್ಕೊಂದರಂತೆ ಸ್ವಲ್ಪ ಹಳದಿ, ನೀರಲ್ಲಿ ತೇಲುವ ಕಾಳು ಬಂದಿದ್ದರೆ ಪ್ಲಾಸ್ಟಿಕ್ ಎಂದು ಆರಿಸಿ ಎಸೆಯುವವರಿದ್ದಾರೆ. ಅವು ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಮಾಡಿದ ಸಾರವರ್ಧಿತ ಕಾಳು.

ಮಂಡಕ್ಕಿಯ ಇನ್ನೊಂದು ಗುಣ, ಬೇಯಿಸುವ ಕೆಲಸ ಭಟ್ಟಿಯಲ್ಲೇ ಮುಗಿದಿರುತ್ತದೆ. ಮನೆಯಲ್ಲಿ ಬೇಕಾಗಿರುವುದು ಒಗ್ಗರಣೆಯ ಬೆಂಕಿ ಮಾತ್ರ: ಐದು ನಿಮಿಷ, 15 ಗ್ರಾಂ ಗ್ಯಾಸ್, ಒಂದು ರೂಪಾಯಿಯೊಳಗೆ. ಮೊದಲು ಎಣ್ಣೆಗೆ ಸಾಸಿವೆ, ಶೇಂಗಾ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಶಿನ ಹಾಕಿ ಬಾಡಿಸಿಕೊಂಡು, ಉಪ್ಪು, ಹುಣಸೆ ರಸ ಬಿಟ್ಟು, ಒಲೆ ಆರಿಸಿದ ಮೇಲೆ ಮಂಡಕ್ಕಿ ತೊಯಿಸಿ. ನೀರಿಗೆ ಹಾಕಿ ಹತ್ತು ಎಣಿಸುವಷ್ಟರಲ್ಲಿ ಎತ್ತಿ, ಎರಡೂ ಅಂಗೈಯಲ್ಲಿ ಹಿಂಡಿ ನೇರ ಬಾಣಲೆಗೆ, ಮೇಲೆ ಪುಟಾಣಿ ಪುಡಿ. ಒಂದು ನಿಮಿಷ ನೀರಲ್ಲೇ ಬಿಟ್ಟರೆ ಮುದ್ದೆಯಾಗುತ್ತದೆ. ಆಗ ಅದನ್ನು ದೋಸೆ ಹಿಟ್ಟಿಗೆ ಸೇರಿಸಿಕೊಳ್ಳಿ.